ಎರಡು ಲೈನ್ ಇದೆ ಸರಿ, ಎರಡೂ ಯಾವ ದಾರಿಯಲ್ಲಿ ಬರುತ್ತವೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಅರ್ಧ ಸರ್ವರ್ ಆಫೀಸಿನಲ್ಲಿವೆ, ಅರ್ಧ ಅಮೆಜಾನ್ ಕ್ಲೌಡ್‌ನಲ್ಲಿವೆ. ಮುಂಬೈ ರೀಜನ್ (ಒಂದು ಊರಿನ ಅಮೆಜಾನ್ ಡೇಟಾ ಸೆಂಟರ್‌ಗಳ ಗುಂಪು) ಜೊತೆಗೆ ಈಗ ಹೈದರಾಬಾದ್ ಕೂಡ ಸೇರಿಸಬೇಕು. ಎಲ್ಲಿ ಏನು ಬಿದ್ದರೂ ಕೆಲಸ ನಿಲ್ಲಬಾರದು. ನೆಟ್‌ವರ್ಕ್ ಹೇಗೆ ಕಟ್ಟೋದು?

ನಾನು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಈ ಕೆಲಸ ಮಾಡುತ್ತೇನೆ. ಇಲ್ಲಿ ಲಾರಿ ತೂಗುವ ವೇಬ್ರಿಜ್, ಗೋಡೌನ್ ಲೆಕ್ಕ. ಬೆಂಗಳೂರಿನಲ್ಲಿ ನಮ್ಮ ಸರ್ವರ್ ರೂಮು. ಅಲ್ಲಿಂದ ಮುಂದೆ ನಿಮ್ಮ ಹಾಗೇ ಎರಡು ರೀಜನ್.

ಮೊದಲು ನಮ್ಮ ಕಥೆ ಕೇಳಿ. ಬೆಂಗಳೂರಿಗೆ ಎರಡು ಲೈನ್ ಇಟ್ಟಿದ್ದೆವು, ಎರಡು ಬೇರೆ ಬೇರೆ ಕಂಪನಿಯದು. ಡ್ರಾಯಿಂಗ್‌ನಲ್ಲಿ ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ. ನೋಡೋಕೆ ಚೆಂದ. ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಬೆಳಗ್ಗೆ ಎರಡೂ ಒಟ್ಟಿಗೆ ಸತ್ತವು. ಛತ್ರಿ ಹಿಡಿದು ಲೈನ್‌ಮ್ಯಾನ್ ಹಿಂದೆ ಹೋದೆ. ಮೈಸೂರು ರಸ್ತೆಯಲ್ಲಿ ಒಂದು ಮರ ಬಿದ್ದಿತ್ತು. ಅದರ ಕೆಳಗೆ ಒಂದು ಕಂಬ, ಆ ಕಂಬದಲ್ಲಿ ನಮ್ಮ ಎರಡೂ ಫೈಬರ್, ಒಂದೇ ಕ್ಲಿಪ್ಪಿಗೆ ಕಟ್ಟಿದ್ದು. "ಇಬ್ಬರೂ ಇದೇ ಕಂಬ ಬಾಡಿಗೆಗೆ ತಗೊಂಡಿದ್ದಾರೆ ಸಾರ್" ಅಂದ. ಲೈನ್ ಬರುವಾಗ ಸಂಜೆಯಾಗಿತ್ತು.

ಅದಕ್ಕೇ ಹೇಳುತ್ತೇನೆ, ಎಷ್ಟು ಕಂಪನಿ ಅಂತ ಎಣಿಸಬೇಡಿ. ಫೈಬರ್ ಯಾವ ಊರಿನ ಮೇಲೆ ಹೋಗುತ್ತದೆ, ಯಾವ ಸೇತುವೆ ದಾಟುತ್ತದೆ, ನಿಮ್ಮ ಕಟ್ಟಡದ ಒಳಗೆ ಯಾವ ಪೈಪಿನಲ್ಲಿ ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಎರಡನೇ ಲೈನನ್ನು ಮಂಗಳೂರು ಕಡೆಯಿಂದ ತರೋಣ ಎಂದವರೂ ಇದ್ದರು. 2018ರ ಆಗಸ್ಟ್‌ನಲ್ಲಿ ಆ ದಾರಿಯ ಜೋಡುಪಾಲ, ಸಂಪಾಜೆ ಕಡೆ ಗುಡ್ಡ ಜಾರಿ ರಸ್ತೆಯೇ ಮುಚ್ಚಿದ್ದು ನೋಡಿದವನು ನಾನು, ಬೇಡ ಎಂದೆ. ಈಗ ಒಂದು ಲೈನ್ ಹುಣಸೂರು, ಮೈಸೂರು ಮೇಲೆ. ಇನ್ನೊಂದು ಕೊಣನೂರು, ಅರಕಲಗೂಡು, ಹಾಸನ ಮೇಲೆ. ದುಡ್ಡು ಜಾಸ್ತಿಯೇ ಆಯಿತು.

ಕ್ಲೌಡ್ ಕಡೆಗೂ ಇದೇ ಲೆಕ್ಕ. ಎರಡು ಡೈರೆಕ್ಟ್ ಕನೆಕ್ಟ್ (ಅಮೆಜಾನ್‌ಗೆ ನೇರ ಖಾಸಗಿ ಲೈನ್) ತಗೊಳ್ಳಿ, ಆದರೆ ಒಂದೇ ಕಟ್ಟಡದಲ್ಲಿ ಬೇಡ. ಒಂದು ಬೆಂಗಳೂರಿನಲ್ಲಿ, ಇನ್ನೊಂದು ಚೆನ್ನೈನಲ್ಲಿ ಇರಲಿ. ಎರಡಕ್ಕೆ ದುಡ್ಡಿಲ್ಲ ಅಂದರೆ ಒಂದು ಡೈರೆಕ್ಟ್ ಕನೆಕ್ಟ್, ಬೆನ್ನಿಗೊಂದು ವಿಪಿಎನ್, ಅಂದರೆ ಇಂಟರ್ನೆಟ್ ಮೇಲೇ ಗುಟ್ಟಾಗಿ ಹೋಗುವ ದಾರಿ. ಮಾಮೂಲಿ ವಿಪಿಎನ್ ಟನಲ್ ಒಂದಕ್ಕೆ ಸೆಕೆಂಡಿಗೆ 1.25 ಗಿಗಾಬಿಟ್ ಮಿತಿ ಇದೆ, ಮರೆಯಬೇಡಿ. 10 ಗಿಗಾಬಿಟ್ ಲೈನ್ ಬಿದ್ದು ಎಲ್ಲವೂ ಅದಕ್ಕೆ ನುಗ್ಗಿದರೆ ಲಿಂಕ್ ಇದ್ದೂ ಇಲ್ಲದ ಹಾಗೆ.

ಇಷ್ಟಕ್ಕೂ ಎಷ್ಟು ಹೊತ್ತು ನಿಂತರೆ ನಡೆಯುತ್ತದೆ ಅಂತ ನಿಮ್ಮ ಸಾಹೇಬರನ್ನು ಕೇಳಿದ್ದೀರಾ? 99.9 ಶೇಕಡಾ ಎಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು. 99.99 ಎಂದರೆ 52 ನಿಮಿಷ. ಅದೊಂದು ಒಂಬತ್ತಕ್ಕೆ ಖರ್ಚು ಎಷ್ಟೋ ಏರುತ್ತದೆ.

ದಾರಿ ಬದಲಿಸುವ ಕೆಲಸ ಬಿಜಿಪಿಗೆ ಬಿಡಿ, ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ಭಾಷೆ ಅದು. ಆದರೆ ಬರೀ ಬಿಜಿಪಿಗೇ ಬಿಟ್ಟರೆ ಲೈನ್ ಸತ್ತದ್ದು ಅದಕ್ಕೆ ಗೊತ್ತಾಗಲು 90 ಸೆಕೆಂಡ್ ಬೇಕಾಗಬಹುದು. ಬಿಎಫ್‌ಡಿ ಹಾಕಿ, ಲೈನ್ ಬದುಕಿದೆಯಾ ಅಂತ ಪದೇ ಪದೇ ಕೇಳುವ ವ್ಯವಸ್ಥೆ ಅದು. 300 ಮಿಲಿಸೆಕೆಂಡಿಗೊಮ್ಮೆ ಕರೆದು, ಮೂರು ಸಲ ಓಗೊಡದಿದ್ದರೆ ಲೈನ್ ಸತ್ತಿತು ಅಂತ ಬಿಜಿಪಿಗೆ ಹೇಳುತ್ತದೆ. ಒಂದು ಸೆಕೆಂಡ್ ಕೂಡ ಆಗಲ್ಲ. ಎರಡು ರೀಜನ್‌ನ ಟ್ರಾನ್ಸಿಟ್ ಗೇಟ್‌ವೇಗಳನ್ನು (ಕ್ಲೌಡ್ ಒಳಗಿನ ರೂಟರ್ ಇದ್ದ ಹಾಗೆ) ಪೀರಿಂಗ್ ಮಾಡಿ ನೇರ ಜೋಡಿಸಿದರೆ ಆ ನಡುವೆ ಮಾತ್ರ ಬಿಜಿಪಿ ಓಡುವುದಿಲ್ಲ, ರೂಟ್‌ಗಳನ್ನು ಕೈಯಾರೆ ಬರೆಯಬೇಕು. ಇಲ್ಲಿ ನಾನೇ ಅರ್ಧ ದಿನ ಕಳೆದಿದ್ದೇನೆ.

ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಕಾವಲುಗಾರ, ಇನ್ನೊಂದು ತಲೆನೋವು. ನಾಗರಹೊಳೆ ಕಾಡಿನ ಗೇಟಿನಲ್ಲಿ ಟೈಮ್ ಬರೆದು ಚೀಟಿ ಕೊಡುತ್ತಾರಲ್ಲ, ಹಾಗೆ. ಹೋಗುವಾಗ ಒಂದು ಫೈರ್‌ವಾಲ್ ಬರೆದುಕೊಂಡು, ಬರುವಾಗ ಪ್ಯಾಕೆಟ್ ಇನ್ನೊಂದರ ಮುಂದೆ ನಿಂತರೆ, ಚೀಟಿ ಇಲ್ಲ ಅಂತ ಅದು ಬಿಸಾಡುತ್ತದೆ. ಹೋಗುವ ದಾರಿ, ಬರುವ ದಾರಿ ಒಂದೇ ಇರುವ ಹಾಗೆ ನೋಡಿಕೊಳ್ಳಿ. ಐಪಿ ವಿಳಾಸಗಳನ್ನು ಈಗಲೇ ಹಂಚಿಬಿಡಿ: ಆಫೀಸಿಗೆ 10.10ರಿಂದ ಶುರುವಾಗುವವು, ಮುಂಬೈಗೆ 10.20, ಹೈದರಾಬಾದ್‌ಗೆ 10.30, ಹೀಗೆ. ಒಂದರ ಮೇಲೊಂದು ಬಿದ್ದರೆ ಆಮೇಲೆ ಬಿಡಿಸೋದು ನರಕ.

ಡೇಟಾಬೇಸನ್ನು ಎರಡು ರೀಜನ್‌ಗೂ ಒಂದೇ ಗಳಿಗೆಯಲ್ಲಿ ಬರೆಸುವ ಆಸೆ ಬಿಡಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಮುಂಬೈ–ಹೈದರಾಬಾದ್ ನೇರ ಗೆರೆಯಲ್ಲೇ 600 ಕಿ.ಮೀ. ದಾಟುತ್ತದೆ. ಹೋಗಿ ಬರಲು ಕನಿಷ್ಠ 6 ಮಿಲಿಸೆಕೆಂಡ್, ಪ್ರತಿ ಬರಹಕ್ಕೂ. ರೀಜನ್ ಒಳಗೆ ಒಟ್ಟಿಗೆ ಬರೆಸಿ, ಇನ್ನೊಂದು ರೀಜನ್‌ಗೆ ಸ್ವಲ್ಪ ಹಿಂದೆ ಬಂದರೆ ಬರಲಿ.

ಎಲ್ಲ ಮುಗಿದ ಮೇಲೆ ಕೇಬಲ್ ಕಿತ್ತು ನೋಡಿ. ನಿಜವಾಗಿ, ಕೈಯಿಂದ. ನಾವು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಕೀಳುತ್ತೇವೆ. ಮೊದಲ ಸಲ ಹುಣಸೂರು ಲೈನ್ ಕಿತ್ತಾಗ ಟ್ರಾಫಿಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಸನಕ್ಕೆ ತಿರುಗಿತು. ಖುಷಿಯಲ್ಲಿ ಎರಡನೆಯದನ್ನೂ ಕಿತ್ತೆ. ವೇಬ್ರಿಜ್ ಸಾಫ್ಟ್‌ವೇರ್ ಇದ್ದದ್ದು ಇಲ್ಲೇ, ಪಕ್ಕದ ರೂಮಿನಲ್ಲಿ. ಆದರೂ ಬಿಲ್ ಬರಲಿಲ್ಲ. ಹೊರಗೆ ಚೆರ್ರಿ ಮೂಟೆ ತುಂಬಿದ ಲಾರಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಆ ಪಕ್ಕದ ರೂಮಿನ ವಿಳಾಸ ಹೇಳುವ ಡಿಎನ್‌ಎಸ್ ಇದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಈಗ ಕುಶಾಲನಗರದಲ್ಲೂ ಒಂದಿದೆ. ನಿಮ್ಮದು ಎಲ್ಲಿದೆ, ಇವತ್ತೇ ನೋಡಿ.