ಮರಳಿ ಬರುವ ದಾರಿ

ಗಂಗಾವತಿಯ ಓದುಗ ತಾಯಿಯವರಿಗೆ ನಮಸ್ಕಾರ.

ನಿಮ್ಮ ಮಗ ಸೈಕಲ್ಲಿನಲ್ಲಿ ಒಬ್ಬನೇ ಲಡಾಖಿನ ಖಾರ್ದುಂಗ್ ಲಾ ಎಂಬ ಎತ್ತರದ ಕಣಿವೆದಾರಿಯವರೆಗೆ ಹೋಗಿಬರಲು ಅಣಿಯಾಗುತ್ತಿದ್ದಾನೆಂದೂ, ಹೊರಡುವ ಮುನ್ನ ಆಪ್ತಸಮಾಲೋಚಕರನ್ನು ಕಾಣಲಿ ಎಂದರೆ ‘ಧೈರ್ಯವಂತನಿಗೆ ಅದೇಕೆ’ ಎಂದು ಬಂಧುಗಳು ನಿಮ್ಮ ಬಾಯಿ ಮುಚ್ಚಿಸಿದರೆಂದೂ ಬರೆದಿದ್ದೀರಿ. ನಿಮ್ಮ ಮಾತೇ ಸರಿ.

ನಿತ್ಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೆ ಕಾಲು ಗಟ್ಟಿಯಾಗುತ್ತದೆ; ಆದರೆ ನಿದ್ದೆಗೆಟ್ಟು, ಮಾತಿಗೆ ಜನರಿಲ್ಲದೆ ದಿನಗಳು ಕಳೆದಾಗ ಮನಸ್ಸು ಏನು ಮಾಡುತ್ತದೆಂಬುದನ್ನು ಆ ಮೆಟ್ಟಿಲುಗಳು ಕಲಿಸುವುದಿಲ್ಲ. ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಜಗತ್ತನ್ನು ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್, 1895ರಲ್ಲಿ ಹೊಟ್ಟೆನೋವಿನಿಂದ ಮಲಗಿದ್ದಾಗ, ಕೊಲಂಬಸನ ಕಾಲದ ನಾವಿಕನೊಬ್ಬ ತನ್ನ ದೋಣಿಯ ಚುಕ್ಕಾಣಿ ಹಿಡಿದು ನಿಂತಿರುವುದನ್ನು ಕಂಡ. ಅವನು ಅಂಜುಬುರುಕನೂ ಅಲ್ಲ, ಹುಚ್ಚನೂ ಅಲ್ಲ. ಇಂಥದ್ದು ಆಗಬಹುದೆಂದು ಮೊದಲೇ ಬಲ್ಲವನು ಗಾಬರಿಯಾಗದೆ ವಿಶ್ರಾಂತಿ ಪಡೆಯುತ್ತಾನೆ. ಐದು ಸಾವಿರ ಮೀಟರಿಗೂ ಮೇಲೆ ಆಮ್ಲಜನಕ ಕಡಿಮೆಯಾದಾಗ ವಿವೇಚನೆ ಮಂಕಾಗುತ್ತದೆ. ಮಂಕಾಗಿದೆ ಎಂಬುದೇ ನಿಮ್ಮ ಮಗನಿಗೆ ತಿಳಿಯದಿರಬಹುದು. ಆದ್ದರಿಂದ ‘ಇನ್ನು ಸಾಕು, ಇಳಿ’ ಎನ್ನುವ ಹಕ್ಕನ್ನು ಅವನು ನಂಬುವ ಒಬ್ಬರಿಗೆ ಹೊರಡುವ ಮುನ್ನವೇ ಕೊಟ್ಟಿರಬೇಕು.

ನನ್ನನ್ನು ಹೆಚ್ಚು ಕಾಡುವುದು ಡೊನಾಲ್ಡ್ ಕ್ರೌಹರ್ಸ್ಟ್‌ನ ಕಥೆ. 1968ರ ಒಂಟಿ ನೌಕಾಯಾನ ಸ್ಪರ್ಧೆಯಲ್ಲಿ ಅವನ ದೋಣಿ ಸೋರತೊಡಗಿತು. ಮುಂದೆ ಹೋದರೆ ಸಾವು, ಹಿಂದಿರುಗಿದರೆ ಸಾಲ ಮತ್ತು ಅವಮಾನ. ಅವನು ತಾನಿದ್ದ ಸ್ಥಳದ ಬಗ್ಗೆ ತಿಂಗಳುಗಟ್ಟಲೆ ಸುಳ್ಳು ವರದಿ ಕಳಿಸಿದ; 1969ರ ಜುಲೈನಲ್ಲಿ ಅಟ್ಲಾಂಟಿಕ್‌ನಲ್ಲಿ ಸಿಕ್ಕಿದ್ದು ಖಾಲಿ ದೋಣಿ. ಸೋತು ಬಂದರೂ ಮನೆಯ ಬಾಗಿಲು ತೆರೆದಿದೆ ಎಂಬ ನಂಬಿಕೆ ಅವನಲ್ಲಿ ಉಳಿದಿರಲಿಲ್ಲವೆಂದೇ ನಾನು ತಿಳಿದಿದ್ದೇನೆ. ನಮ್ಮೂರುಗಳಲ್ಲಿ ಫ್ಲೆಕ್ಸ್ ಕಟ್ಟಿ, ಶಾಲು ಹೊದಿಸಿ ಬೀಳ್ಕೊಡುವ ಪ್ರೀತಿಯೂ ಹುಡುಗನ ಹೆಗಲಿಗೆ ಅಂಥದೇ ಭಾರವಾಗಬಲ್ಲದು. ಸನ್ಮಾನವೆಲ್ಲ ಮರಳಿ ಬಂದ ಮೇಲೆ ಆಗಲಿ.

2018ರ ಒಂಟಿ ನೌಕಾಯಾನ ಸ್ಪರ್ಧೆಯೊಂದರಲ್ಲಿ, ಹಿಂದೂ ಮಹಾಸಾಗರದ ನಡುವೆ ಬೆನ್ನುಮೂಳೆಗೆ ಪೆಟ್ಟಾಗಿ ರಕ್ಷಿಸಲ್ಪಟ್ಟ ನಮ್ಮ ದೇಶದ ನಾವಿಕ ಅಭಿಲಾಷ್ ಟೋಮಿ, ಅದೇ ಸ್ಪರ್ಧೆಗೆ ಮತ್ತೆ ಇಳಿದು 2023ರಲ್ಲಿ ಎರಡನೆಯವರಾಗಿ ದಡ ಸೇರಿದರು. ಇದನ್ನು ಮಗನಿಗೂ, ಬಂಧುಗಳಿಗೂ ಹೇಳಿ.

ಮರಳಿದ ಮೇಲಿನ ವಾರಗಳನ್ನೂ ಮರೆಯಬೇಡಿ. ಗುರಿ ಮುಗಿದ ಮನಸ್ಸು ಬರಿದಾಗಬಹುದು, ಮನೆಯ ಗದ್ದಲವೇ ಬೇಡವೆನಿಸಬಹುದು. ಆಗ ಬಿಡದೆ ಪ್ರಶ್ನಿಸುವುದಕ್ಕಿಂತ ಜೊತೆಗೆ ಕುಳಿತುಕೊಳ್ಳುವುದು ಮೇಲು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆಯನ್ನು ಅವನು ಹೊರಡುವ ಮುನ್ನವೇ ಇಬ್ಬರೂ ಕೂಡಿ ಮಾಡಿ.

— ಸಂಪಾದಕ