ಚಾಕೊಲೇಟ್ ಅಂಗಿ ತೊಟ್ಟ ಉಂಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ, ಉಳಿದ ಬ್ರೌನಿಯನ್ನು ಪುಡಿ ಮಾಡಿ ಉಂಡೆ ಕಟ್ಟಿ ಕರಗಿದ ಚಾಕೊಲೇಟಿನಲ್ಲಿ ಅದ್ದಿದರೆ ಟ್ರಫಲ್ ಆಗುತ್ತದೆ ಅಂತ ಎರಡೇ ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ನನ್ನದೇ ತಪ್ಪು. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಪತ್ರ ಬಂದಿವೆ. ಅರ್ಧ ಜನ ಸರಿಯಾಗಿ ಹೇಳಿ ಅಂತ ಕೇಳಿದ್ದಾರೆ, ಇನ್ನರ್ಧ ಜನ ಆಗಲೇ ಮಾಡಿ ಕೆಡಿಸಿಕೊಂಡು ಬೈದಿದ್ದಾರೆ. ಇಲ್ಲಿ ಚಿಕ್ಕಮಗಳೂರಲ್ಲಿ ಬೆಳಗಿನಿಂದ ಮಳೆ, ಕರೆಂಟೂ ಇಲ್ಲ. ಕೂತು ಉತ್ತರ ಬರೆಯುವುದಕ್ಕೆ ಒಳ್ಳೆಯ ಹೊತ್ತು.

ಪ್ರಶ್ನೆ: ಮೇಡಂ, ನಮ್ಮನೆಯಲ್ಲಿ ಓವನ್ ಇಲ್ಲ. ಬೇಕರಿಯಿಂದ ಬ್ರೌನಿ ತಂದು ಮಾಡಬಹುದಾ? ಅಳತೆ ಸಮೇತ ಹೇಳಿ. ಕೇಕು, ಚಾಕೊಲೇಟು ಅಂದರೆ ನನಗೆ ಕೈ ನಡುಗುತ್ತದೆ. (ಗೃಹಿಣಿ, ಹಾಸನ)

ಉತ್ತರ: ಹಾಸನದವರು ಬೇಕರಿ ಬಗ್ಗೆ ನನ್ನನ್ನು ಕೇಳುವುದಾ! ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ಶುರುವಾಗಿದ್ದೇ ನಿಮ್ಮ ಜಿಲ್ಲೆಯಿಂದ ಹೋದವರ ಕೈಯಲ್ಲಿ ಅಲ್ವಾ. ಧಾರಾಳವಾಗಿ ತನ್ನಿ. ಬ್ರೌನಿ ಸಿಗದಿದ್ದರೆ ಚಾಕೊಲೇಟ್ ಕೇಕ್ ಆದರೂ ಆಗುತ್ತದೆ, ಮೇಲಿನ ಕ್ರೀಮ್ ಕೆರೆದು ತೆಗೆದರೆ ಸಾಕು. ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು.

ನಿಮಗೆ ರವೆ ಉಂಡೆ ಕಟ್ಟಲು ಬರುತ್ತದೆ ಅಂದುಕೊಂಡಿದ್ದೇನೆ. ಬಂದರೆ ಇದರಲ್ಲಿ ಮುಕ್ಕಾಲು ಪಾಲು ಬಂದ ಹಾಗೆ. 300 ಗ್ರಾಂ ಬ್ರೌನಿಯನ್ನು ಅಗಲ ಪಾತ್ರೆಯಲ್ಲಿ ಕೈಯಿಂದಲೇ ಪುಡಿ ಮಾಡಿ. ಮಿಕ್ಸಿಗೆ ಹಾಕಬೇಡಿ, ಅಂಟು ಅಂಟಾಗುತ್ತದೆ. ಈಗ 2 ದೊಡ್ಡ ಚಮಚ ಮಿಲ್ಕ್‌ಮೇಡ್ ಅಥವಾ ಫ್ರೆಶ್ ಕ್ರೀಮ್ ಹಾಕಿ ಕಲಸಿ, ಒಂದಿಷ್ಟು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ರವೆ ಉಂಡೆಗೆ ಹಾಲು ಚಿಮುಕಿಸಿ ನೋಡುತ್ತೇವಲ್ಲ, ಅದೇ ಲೆಕ್ಕ. ಒಡೆದರೆ ಇನ್ನರ್ಧ ಚಮಚ. ಕೈಗೆ ಮೆತ್ತಿಕೊಂಡರೆ ಜಾಸ್ತಿಯಾಯಿತು ಅಂತ ಅರ್ಥ, ಆಗ ನಾಲ್ಕು ಮಾರಿ ಬಿಸ್ಕತ್ತು ಪುಡಿ ಮಾಡಿ ಸೇರಿಸಿ. ಬೇಕರಿ ಬ್ರೌನಿಯಲ್ಲಿ ಕೆಲವು ಒಣಕಲು, ಕೆಲವು ಎಣ್ಣೆ ಎಣ್ಣೆ. ಹಾಗಾಗಿ ಪುಸ್ತಕದ ಅಳತೆಗಿಂತ ನಿಮ್ಮ ಕೈಯನ್ನೇ ನಂಬಿ.

ದೊಡ್ಡ ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿದರೆ ಸುಮಾರು 20 ಉಂಡೆ ಬರುತ್ತವೆ. ತಟ್ಟೆಯ ಮೇಲೆ ಬಟರ್ ಪೇಪರ್ ಹಾಸಿ, ಉಂಡೆ ಜೋಡಿಸಿ, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ. ಅಷ್ಟರಲ್ಲಿ 200 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟನ್ನು (ಕೋಕೋ ಬಟರ್ ಬದಲು ಬೇರೆ ಕೊಬ್ಬು ಹಾಕಿದ್ದು, ಕೆಳಗೆ ಹೇಳಿದ್ದೇನೆ) ಸಣ್ಣಗೆ ಹೆಚ್ಚಿ. ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ ಒಲೆ ಆರಿಸಿ, ಅದರ ಮೇಲೆ ಚಾಕೊಲೇಟಿನ ಪಾತ್ರೆ ಕೂರಿಸಿ, ನೀರು ಮೇಲಿನ ಪಾತ್ರೆಯ ತಳಕ್ಕೆ ತಾಗಬಾರದು. ಸುಮ್ನೆ ಕೈಯಾಡಿಸುತ್ತಿರಿ, ತಾನಾಗಿ ಕರಗುತ್ತದೆ. ಒಂದು ಚಿಕ್ಕ ಚಮಚ ಅಡುಗೆ ಕೊಬ್ಬರಿ ಎಣ್ಣೆ ಹಾಕಿದರೆ ತೆಳುವಾಗಿ ಹರಿಯುತ್ತದೆ, ಆರಿದ ಮೇಲೆ ಗಟ್ಟಿಯಾಗಿಯೂ ಕೂರುತ್ತದೆ. ಚಳಿಗಾಲದಲ್ಲಿ ನಮ್ಮೂರಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆ ತಾನೇ ಅದು. ತಲೆಗೆ ಹಚ್ಚುವ ಘಮಘಮ ಎಣ್ಣೆ ಅಲ್ಲ ಮತ್ತೆ!

ಫೋರ್ಕ್ ಮೇಲೆ ಉಂಡೆ ಇಟ್ಟು ಮುಳುಗಿಸಿ, ಎತ್ತಿ, ಪಾತ್ರೆಯ ಅಂಚಿಗೆ ನಾಲ್ಕು ಸಲ ಮೆಲ್ಲಗೆ ತಟ್ಟಿ. ಈ ತಟ್ಟುವುದನ್ನು ಬಿಟ್ಟರೆ ಕೆಳಗೆ ಚಾಕೊಲೇಟ್ ಕೆರೆ ನಿಲ್ಲುತ್ತದೆ. ಬಟರ್ ಪೇಪರ್ ಮೇಲೆ ಜಾರಿಸಿ ಆರಲು ಬಿಡಿ. ಅಷ್ಟೇ. ಎಲ್ಲಿ ಕೈ ನಡುಗಬೇಕು ಹೇಳಿ?

ಪ್ರಶ್ನೆ: ಅಕ್ಕಾ, ನೀವು ಬರೆದದ್ದು ಓದಿ ಚಾಕೊಲೇಟ್ ಕರಗಿಸಲು ಇಟ್ಟೆ. ಚೆನ್ನಾಗಿ ಕರಗುತ್ತಿತ್ತು, ಇದ್ದಕ್ಕಿದ್ದಂತೆ ಮಣ್ಣಿನ ಮುದ್ದೆ ಹಾಗಾಯಿತು. ತೆಳುವಾಗಲಿ ಅಂತ ಒಂದು ಚಮಚ ಹಾಲು ಹಾಕಿದೆ, ಇನ್ನೂ ಗಟ್ಟಿಯಾಯಿತು. 180 ರೂಪಾಯಿ ದಂಡ. (ಓದುಗರು, ಚಿಕ್ಕಮಗಳೂರು)

ಉತ್ತರ: ನಿಮ್ಮ ದುಃಖ ನನಗೆ ಗೊತ್ತು. ಮೊದಲ ಸಲ ನಾನು ಬೇಗ ಕರಗಲಿ ಅಂತ ಪಾತ್ರೆಗೆ ಮುಚ್ಚಳ ಮುಚ್ಚಿದ್ದೆ, ಅನ್ನಕ್ಕೆ ಮುಚ್ಚುವ ಹಾಗೆ! ಮುಚ್ಚಳದ ಒಳಗೆ ಕಟ್ಟಿದ ಬೆವರು ನಾಲ್ಕು ಹನಿ ಕೆಳಗೆ ಬಿತ್ತು. ಕಣ್ಣೆದುರೇ ಇಡೀ ಪಾತ್ರೆ ಗಂಟುಕಟ್ಟಿತು. ಸಿಟ್ಟಿಗೆ ಅದನ್ನು ಬಿಸಾಡಿದೆ. ಬಿಸಾಡಬೇಕಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಚಾಕೊಲೇಟ್ ಅಂದರೆ ಕೊಬ್ಬಿನೊಳಗೆ ಕೋಕೋ ಮತ್ತು ಸಕ್ಕರೆಯ ಸಣ್ಣ ಸಣ್ಣ ಒಣ ಕಣಗಳು. ಹನಿ ನೀರು ಬಿದ್ದರೆ ಆ ಒಣ ಕಣಗಳು ನೆನೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾಗಿ ಹಿಟ್ಟು ನೆನಪು ಮಾಡಿಕೊಳ್ಳಿ. ಒಂದು ಚಮಚ ನೀರು ಬಿದ್ದರೆ ಗಂಟು, ಒಂದು ಲೋಟ ಬಿದ್ದರೆ ಅಂಬಲಿ. ಚಾಕೊಲೇಟೂ ಹಾಗೇ. ನೀವು ಹಾಕಿದ ಒಂದು ಚಮಚ ಹಾಲು ಗಂಟು ಮಾಡುವಷ್ಟು ಇತ್ತು, ಕದಡುವಷ್ಟು ಇರಲಿಲ್ಲ. ಅದಕ್ಕೇ ಒದ್ದೆ ಚಮಚ, ಸರಿಯಾಗಿ ಒರೆಸದ ಪಾತ್ರೆ, ಪಕ್ಕದ ಒಲೆಯಲ್ಲಿ ಹಾಯುವ ಕುಕ್ಕರ್ ಹಬೆ, ಇವನ್ನೆಲ್ಲ ದೂರ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಸ್ಟ್ಯಾಂಡ್‌ನಲ್ಲಿಟ್ಟ ಚಮಚವೂ ಪೂರ್ತಿ ಒಣಗಿರುವುದಿಲ್ಲ, ಹಾಗಾಗಿ ನಾನು ಪಾತ್ರೆ, ಚಮಚ ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಲೆಯ ಹತ್ತಿರ ಒಂದು ನಿಮಿಷ ಇಟ್ಟೇ ಕೆಲಸ ಶುರು ಮಾಡುವುದು.

ಮತ್ತೆ ಹಾಗೆ ಗಂಟುಕಟ್ಟಿದರೆ, ಸೀದ ವಾಸನೆ ಬಂದಿಲ್ಲವಾದರೆ, ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಕದಡಿ. ಸ್ವಲ್ಪ ಹೊತ್ತಿಗೆ ನುಣ್ಣಗಾಗುತ್ತದೆ. ಇದು ಮೇಲಿನ ಅಂಗಿಗೆ ಬರುವುದಿಲ್ಲ, ಆರಿದ ಮೇಲೂ ಮೆತ್ತಗೇ ಇರುತ್ತದೆ. ಆದರೆ ಬ್ರೌನಿ ಪುಡಿ ಕಲಸಲು ಮಿಲ್ಕ್‌ಮೇಡ್ ಬದಲು ಇದನ್ನೇ ಹಾಕಿ ನೋಡಿ. ರುಚಿ ಇನ್ನೂ ಮೇಲೆ.

ಪ್ರಶ್ನೆ: ಅಂಗಡಿಯವರು ಒಂದು ಕಾಂಪೌಂಡ್ ಅಂತಾರೆ, ಇನ್ನೊಂದು ಕೂವರ್ಚರ್ ಅಂತಾರೆ, ರೇಟು ದುಪ್ಪಟ್ಟು. ಯಾವುದು ತರಲಿ? (ಕಡೂರು)

ಉತ್ತರ: ಹೆಸರು ಬಿಡಿ, ಪೊಟ್ಟಣ ತಿರುಗಿಸಿ ಹಿಂದೆ ಓದಿ. ಕೋಕೋ ಬಟರ್, ಅಂದರೆ ಕೋಕೋ ಬೀಜದ್ದೇ ಕೊಬ್ಬು, ಇದ್ದರೆ ಅಸಲಿ, ಕೂವರ್ಚರ್ ಅನ್ನುವುದು ಇದನ್ನೇ. ಅದರ ಬದಲು ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್ ಅಂತಿದ್ದರೆ ಕಾಂಪೌಂಡ್. ಕೋಕೋ ಬಟರ್ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಬಾಯಿ 37 ಡಿಗ್ರಿ, ಅದಕ್ಕೇ ಅಸಲಿ ಚಾಕೊಲೇಟ್ ನಾಲಿಗೆ ಮೇಲೆ ಇಟ್ಟ ಕೂಡಲೇ ಜಾರಿ ಹೋಗುವುದು. ಕಾಂಪೌಂಡ್ ಕೊನೆಯಲ್ಲಿ ಸ್ವಲ್ಪ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತದೆ.

ಆದರೆ ಅಸಲಿಯದ್ದು ದೊಡ್ಡ ಮನೆ ಸೊಸೆ ಹಾಗೆ, ಉಪಚಾರ ಜಾಸ್ತಿ. ಸುಮ್ನೆ ಕರಗಿಸಿ ಅದ್ದಿದರೆ ಹೊಳಪು ಬರುವುದಿಲ್ಲ, ಬೆರಳಿಗೆ ಮೆತ್ತುತ್ತದೆ, ಬಿಳಿ ಗೆರೆ ಬರುತ್ತದೆ. ಮೂರರಲ್ಲಿ ಎರಡು ಪಾಲನ್ನು 45 ಡಿಗ್ರಿ ತನಕ ಕರಗಿಸಿ, ಕೆಳಗಿಳಿಸಿ, ಉಳಿದ ಒಂದು ಪಾಲು ಚೂರುಗಳನ್ನು ಹಾಕಿ 31–32 ಡಿಗ್ರಿಗೆ ಇಳಿಯುವ ತನಕ ತಿರುವುತ್ತಾ ಇರಬೇಕು. ಇದು ಡಾರ್ಕ್ ಚಾಕೊಲೇಟಿನ ಲೆಕ್ಕ, ಹಾಲಿನ ಚಾಕೊಲೇಟಿಗೆ ಇನ್ನೊಂದೆರಡು ಡಿಗ್ರಿ ಕಡಿಮೆ. ಥರ್ಮಾಮೀಟರ್ ಇಲ್ಲದಿದ್ದರೆ ಕೆಳತುಟಿಯ ಕೆಳಗೆ ಒಂದು ಚುಕ್ಕೆ ಇಟ್ಟುಕೊಳ್ಳಿ, ತುಸು ತಣ್ಣಗೆ ಅನ್ನಿಸಬೇಕು. ಚಾಕುವಿನ ತುದಿಗೆ ಹಚ್ಚಿಟ್ಟರೆ ಐದಾರು ನಿಮಿಷಕ್ಕೆ ಹೊಳಪಾಗಿ ಗಟ್ಟಿಯಾದರೆ ಅದ್ದಲು ತಯಾರು. ಮೊದಲ ಸಲ ಮಾಡುವವರು ಕಾಂಪೌಂಡ್ ತನ್ನಿ, ನಾಚಿಕೆ ಏನಿಲ್ಲ. ಎರಡನೇ ಸಲ ಅಸಲಿ.

ಚಾಕೊಲೇಟ್ ಅಂದರೆ ಎಲ್ಲೋ ಪರದೇಶದ್ದು ಅಂದುಕೊಳ್ಳಬೇಡಿ. ಚಾರ್ಮಾಡಿ ಘಾಟಿ ಇಳಿದರೆ ಅಡಿಕೆ ತೋಟಗಳ ನೆರಳಲ್ಲೇ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಶುರುವಾಗಿದ್ದು 1986ರಲ್ಲಿ.

ಪ್ರಶ್ನೆ: ನನ್ನ ಟ್ರಫಲ್ ಅದ್ದಿದಾಗ ಚೆನ್ನಾಗಿತ್ತು, ಹತ್ತು ನಿಮಿಷಕ್ಕೆ ಸೀಳು ಬಿಟ್ಟಿತು. ಮಾರನೇ ದಿನ ಡಬ್ಬಿ ತೆಗೆದು ನೋಡಿದರೆ ಮೇಲೆಲ್ಲ ಬೆವರು, ಒಣಗಿದ ಮೇಲೆ ಬಿಳಿ ಬಿಳಿ ಮಚ್ಚೆ. ಬೂಷ್ಟಾ? (ಸಕಲೇಶಪುರ)

ಉತ್ತರ: ಬೂಷ್ಟು ಒಂದೇ ದಿನಕ್ಕೆ ಬರುವುದಿಲ್ಲ, ಹೆದರಬೇಡಿ. ಸೀಳು ಬಂದದ್ದು ಉಂಡೆ ತುಂಬಾ ತಣ್ಣಗಿದ್ದದ್ದರಿಂದ. ಫ್ರೀಜರ್‌ನಲ್ಲಿ ಇಟ್ಟಿದ್ದಿರಿ ಅಂತ ನನ್ನ ಅನುಮಾನ. ಬಿಸಿ ಚಾಕೊಲೇಟ್ ಆ ಚಳಿಗೆ ತಟಕ್ಕನೆ ಬಿಗಿಯಾಗುತ್ತದೆ, ಆಮೇಲೆ ಒಳಗಿನ ಉಂಡೆ ಮೆಲ್ಲಗೆ ಬೆಚ್ಚಗಾಗಿ ಹಿಗ್ಗುತ್ತದೆ, ಅಂಗಿ ಹರಿಯುತ್ತದೆ. ಫ್ರಿಜ್‌ನಿಂದ ತೆಗೆದು ಐದು–ಹತ್ತು ನಿಮಿಷ ಹೊರಗಿಟ್ಟು ಆಮೇಲೆ ಅದ್ದಿ, ಚಾಕೊಲೇಟೂ ಉಗುರು ಬೆಚ್ಚಗಿರಲಿ. ಸೀಳಿದ್ದನ್ನು ಏನು ಮಾಡುವುದು ಅಂತ ಕೇಳಬೇಡಿ, ಇನ್ನೊಂದು ಸಲ ಅದ್ದಿ.

ಬಿಳಿ ಮಚ್ಚೆ ನಿಮ್ಮೂರ ಮಳೆಯ ಕೊಡುಗೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಟ್ರಫಲ್ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಸಕ್ಕರೆ ಅದರಲ್ಲಿ ಕರಗುತ್ತದೆ, ನೀರು ಆರಿದ ಮೇಲೆ ಸಕ್ಕರೆ ಬಿಳಿಯಾಗಿ ಉಳಿಯುತ್ತದೆ. ತಿನ್ನಲು ತೊಂದರೆ ಇಲ್ಲ, ನೋಡಲು ಮಾತ್ರ ಬೇಜಾರು. ಉಪಾಯ ಒಂದೇ: ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರಗೆ ತೆಗೆದ ಮೇಲೆ ಡಬ್ಬಿಯೇ ಮನೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ. ಬೆವರಿದರೆ ಡಬ್ಬಿ ಬೆವರಲಿ. ಮನೆಯಲ್ಲಿ ಮಕ್ಕಳಿದ್ದರೆ ಆ ಅರ್ಧ ಗಂಟೆ ಕಾಯಿಸುವುದು ಕಷ್ಟ, ಅದಕ್ಕೆ ನನ್ನ ಬಳಿ ಉಪಾಯ ಇಲ್ಲ.

ಪ್ರಶ್ನೆ: ಮನೆಯವರಿಗೆ ಶುಗರ್ ಇದೆ. ಬೆಲ್ಲ ಹಾಕಿ ಮಾಡಿದರೆ ತಿನ್ನಬಹುದಾ? (ಅರಸೀಕೆರೆ)

ಉತ್ತರ: ಇಲ್ಲ. ಬೆಲ್ಲವೂ ಸಕ್ಕರೆಯೇ, ರಕ್ತದಲ್ಲಿ ಅದೂ ಏರುತ್ತದೆ. ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ನಮ್ಮದು ತೋಟದ ಮನೆ, ಹೋಂಸ್ಟೇ ನಡೆಸುತ್ತೇವೆ. ಬಂದವರಿಗೆ ನಮ್ಮದೇ ಕಾಫಿಯ ರುಚಿ ಇರುವ ಟ್ರಫಲ್ ಕೊಡಬೇಕು ಅಂತ ಆಸೆ. ಎಷ್ಟು ದಿನ ಇಡಬಹುದು? (ಮೂಡಿಗೆರೆ)

ಉತ್ತರ: ಕಾಫಿ, ಚಾಕೊಲೇಟ್ ಎರಡೂ ಒಂದೇ ಜಾತಿಯ ಕಹಿ, ಜೋಡಿ ಚೆನ್ನಾಗಿ ಕೂರುತ್ತದೆ. ಆದರೆ ಫಿಲ್ಟರ್ ಪುಡಿಯನ್ನು ಹಾಗೇ ಹಾಕಬೇಡಿ, ಅದು ಕರಗುವುದಿಲ್ಲ, ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತದೆ. ಗಟ್ಟಿ ಡಿಕಾಕ್ಷನ್ ಇಳಿಸಿ, ಒಂದು ದೊಡ್ಡ ಚಮಚದಷ್ಟನ್ನು ಬ್ರೌನಿ ಪುಡಿಗೆ ಹಾಕಿ, ಅಷ್ಟೇ ಮಿಲ್ಕ್‌ಮೇಡ್ ಕಡಿಮೆ ಮಾಡಿ. ಚಿಕೋರಿ ಇಲ್ಲದ ಅರೇಬಿಕಾ ಆದರೆ ಪರಿಮಳ ನವಿರು, ರೊಬಸ್ಟಾ ಆದರೆ ಏಟು ಜೋರು. ನನಗೆ ರೊಬಸ್ಟಾ ಇಷ್ಟ, ತೋಟದವರು ನಗಬಹುದು. ಡಿಕಾಕ್ಷನ್ ಒಳಗಿನ ಉಂಡೆಗೆ ಮಾತ್ರ, ಮೇಲಿನ ಚಾಕೊಲೇಟಿಗೆ ಒಂದು ಹನಿಯೂ ಬೇಡ. ಯಾಕೆ ಅಂತ ಮೇಲೆ ಚಿಕ್ಕಮಗಳೂರಿನವರ 180 ರೂಪಾಯಿ ಕಥೆ ಓದಿ.

ಡಿಕಾಕ್ಷನ್ ಅಥವಾ ಫ್ರೆಶ್ ಕ್ರೀಮ್ ಹಾಕಿದ್ದನ್ನು ಫ್ರಿಜ್‌ನಲ್ಲಿಟ್ಟು ಮೂರು–ನಾಲ್ಕು ದಿನದಲ್ಲಿ ಮುಗಿಸಿ, ಬರೀ ಮಿಲ್ಕ್‌ಮೇಡ್‌ನದ್ದಾದರೆ ಒಂದು ವಾರ. ಕರೆಂಟ್ ಹೋಗಿ ಫ್ರಿಜ್ ಹೊತ್ತುಗಟ್ಟಲೆ ನಿಂತಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಡಬ್ಬಿ ಕಟ್ಟಿ ಮಾರುವ ಯೋಚನೆ ಇದ್ದರೆ ಮನೆಯಲ್ಲಿ ಮಾಡಿದ್ದಕ್ಕೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಇನ್ನೊಂದು ಮಾತು, ತೋಟದ ಮನೆ ಅಂದಿರಿ, ನಾಯಿ ಇರಲೇಬೇಕು. ಚಾಕೊಲೇಟ್ ನಾಯಿಗೆ ವಿಷ, ಡಾರ್ಕ್ ಆದರೆ ಇನ್ನೂ ಕೆಟ್ಟದ್ದು. ಜಗಲಿಯಲ್ಲಿ ಆರಲು ಇಡಬೇಡಿ.

ಪ್ರಶ್ನೆ: ಅಕ್ಕ, ನಾನು ಪಿಯುಸಿ ಓದುತ್ತಿದ್ದೇನೆ. ಅಜ್ಜಿಯ ಹುಟ್ಟುಹಬ್ಬಕ್ಕೆ ಇದನ್ನು ಮಾಡಬೇಕು. ಅಜ್ಜಿ ಮೊಟ್ಟೆ ತಿನ್ನಲ್ಲ, ಬೇಕರಿದೂ ಮುಟ್ಟಲ್ಲ, ಓವನ್ನೂ ಇಲ್ಲ. (ಬೇಲೂರು)

ಉತ್ತರ: ಎಷ್ಟು ಒಳ್ಳೆಯ ಹುಡುಗ ನೀನು! ಕೇಳು. 200 ಗ್ರಾಂ ಮಿಲ್ಕ್‌ಮೇಡ್, 60 ಗ್ರಾಂ ಕರಗಿಸಿದ ಬೆಣ್ಣೆ, ಅರ್ಧ ಲೋಟ ಹಾಲು ಕದಡು. ಇದಕ್ಕೆ 100 ಗ್ರಾಂ ಮೈದಾ, 30 ಗ್ರಾಂ ಕೋಕೋ ಪುಡಿ, ಅರ್ಧ ಚಿಕ್ಕ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಸೇರಿಸು. ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು. ಬೆಣ್ಣೆ ಸವರಿದ ಡಬರಿಗೆ ಸುರಿ.

ಅಮ್ಮನ ಹೊಸ ಕುಕ್ಕರ್ ಮುಟ್ಟಬೇಡ, ನೀರಿಲ್ಲದೆ ಕಾದು ಹಾಳಾಗುತ್ತದೆ, ಬೈಗುಳ ನನಗೆ ಬರುತ್ತದೆ. ಹಳೆಯ ದಪ್ಪ ತಳದ ಪಾತ್ರೆ ತಗೋ. ಅದರೊಳಗೆ ಒಂದು ಲೋಟ ಕಲ್ಲುಪ್ಪು ಹರಡಿ, ಮೇಲೆ ಪಾತ್ರೆ ಇಡುವ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸು. ಆಮೇಲೆ ಡಬರಿ ಇಟ್ಟು ಸಣ್ಣ ಉರಿಯಲ್ಲಿ 35–40 ನಿಮಿಷ. ಹಳೇ ಕುಕ್ಕರೇ ಸಿಕ್ಕರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡಲೇಬೇಕು, ಇದನ್ನು ಮರೆಯುವಂತಿಲ್ಲ. ಕಡ್ಡಿ ಚುಚ್ಚಿದರೆ ಒಂದೆರಡು ತೇವದ ಪುಡಿ ಅಂಟಿದರೆ ಸಾಕು. ಮೇಲೆ ಬಿರುಕು ಬಿಟ್ಟರೂ, ಉಬ್ಬದಿದ್ದರೂ ತಲೆ ಕೆಡಿಸಿಕೊಳ್ಳಬೇಡ, ಹೇಗಿದ್ದರೂ ಪುಡಿ ಮಾಡುವುದೇ ಅಲ್ವಾ. ಪೂರ್ತಿ ಆರಲಿ, ರಾತ್ರಿ ಮಾಡಿ ಬೆಳಿಗ್ಗೆ ಉಂಡೆ ಕಟ್ಟಿದರೆ ಒಳ್ಳೆಯದು. ಕಾಂಪೌಂಡ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ ತಾ, ಅಜ್ಜಿ ಕೇಳುತ್ತಾರೆ.

ಉಂಡೆ ಸ್ವಲ್ಪ ಚಿಕ್ಕದಾಗಿ ಕಟ್ಟು. ಕೊಡುವ ಮುಂಚೆ ಅರ್ಧ ಗಂಟೆ ಹೊರಗಿಡು, ಫ್ರಿಜ್‌ನಿಂದ ಆಗತಾನೇ ತೆಗೆದದ್ದು ಅಜ್ಜಿಯ ಹಲ್ಲಿಗೆ ಕಲ್ಲು.