ಕಾಕಟೀಲ್ ಗಿಳಿ ಕೊಕ್ಕು ತೆರೆಯುತ್ತಿಲ್ಲ, ಡಾಕ್ಟರು ಬರೆದ 0.2 ಎಂಎಲ್ ಸಿರಪ್ ಕುಡಿಸೋದು ಹೇಗೆ? ನೀರಿಗೆ ಬೆರೆಸಬಹುದಾ?

ಎರಡೂ ಬೇಡ. ಬಲವಂತವಾಗಿ ಬಾಯಿ ತೆರೆಸುವುದೂ ಬೇಡ, ಡಾಕ್ಟರು ಬರೆದ 0.2 ಎಂಎಲ್ ಸಿರಪ್ಪನ್ನು ಕುಡಿಯುವ ನೀರಿಗೆ ಹಾಕುವುದೂ ಬೇಡ. ನಿಮ್ಮ ಹಕ್ಕಿ ಕೊಕ್ಕು ಬಿಗಿ ಹಿಡಿದು ಕೂತಿದೆಯಾ? ಒಳ್ಳೆಯದೇ ಆಯಿತು. ನಮ್ಮದು ಬಾಯಿ ತೆರೆದಿತ್ತು. ಅದಕ್ಕೇ ಹೋಯಿತು.

ನಮ್ಮದೂ ಕಾಕಟೀಲೇ. ಕೆನ್ನೆ ಮೇಲಿನ ಕಿತ್ತಳೆ ಮಚ್ಚೆ ನೋಡಿ ನನ್ನ ತಮ್ಮ ಟೊಮೆಟೊ ಅಂತ ಹೆಸರಿಟ್ಟಿದ್ದ. ಮೊದಲು ಹಿಕ್ಕೆ ನೀರಾಯಿತು. ಆಮೇಲೆ ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು. ಹಕ್ಕಿ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ, ಕೋಳಿಗೆ ಹಾಕುವ ಪುಡಿ ಚಿಟಿಕೆ ನೀರಿಗೆ ಹಾಕಿ ಮೇಡಂ, ಎಲ್ಲಾ ಸರಿ ಹೋಗುತ್ತೆ ಅಂದ. ಹಾಕಿದೆವು. ನೀರು ಹಳದಿಯಾಯಿತು. ಟೊಮೆಟೊ ಬಟ್ಟಲಿಗೆ ಒಮ್ಮೆ ಕೊಕ್ಕು ಅದ್ದಿ, ತಲೆ ಕೊಡವಿ ವಾಪಸ್ ಹೋಯಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಔಷಧಿಯೂ ಹೊಟ್ಟೆಗೆ ಹೋಗಲಿಲ್ಲ, ಭೇದಿಯಾಗುತ್ತಿದ್ದ ಹಕ್ಕಿಗೆ ಇದ್ದ ನೀರೂ ತಪ್ಪಿತು. ಹುಷಾರಿಲ್ಲದ ಹಕ್ಕಿ ಮೊದಲೇ ಕಡಿಮೆ ಕುಡಿಯುತ್ತೆ. ನೀರಿನ ರುಚಿ ಕೆಟ್ಟರೆ ಇನ್ನೂ ಕಡಿಮೆ. ಎಷ್ಟು ಔಷಧಿ ಒಳಗೆ ಹೋಯಿತು ಅಂತ ಯಾವ ದೇವರಿಗೆ ಗೊತ್ತು? ಡಾಕ್ಟರೇ ನೀರಿಗೆ ಹಾಕಿ ಅಂತ ಬರೆದುಕೊಟ್ಟಿದ್ದರೆ ಬೇರೆ ಮಾತು. ನಿಮಗೆ ಬರೆದಿರೋದು ಎಂಎಲ್ ಲೆಕ್ಕದಲ್ಲಿ, ಅಲ್ವಾ?

ಕೊನೆಗೆ ಹಕ್ಕಿ ನೋಡುವ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಮಾಡಿದ್ದು ತೂಕ ನೋಡಿದ್ದು. ಕಾಕಟೀಲ್ ಅಂದರೆ 80ರಿಂದ 100 ಗ್ರಾಂ. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಡ್ಜಿ 30-40 ಗ್ರಾಂ ಅಷ್ಟೆ. ಎಲ್ಲಾ ಹಕ್ಕಿಗೂ ಒಂದೇ ಅಳತೆ ಹೇಳುವವರ ಮಾತು ಕೇಳಬೇಡಿ. ತೂಕ ನೋಡಿ ಸಿರಪ್ ಬರೆದು, ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ಕೊಟ್ಟು, ಹೇಗೆ ಅಂತ ತೋರಿಸಿಯೂ ಕಳಿಸಿದರು. ಶುರುವಿನಲ್ಲಿ ಎಲ್ಲಾ ಸರಿಯಾಗಿಯೇ ನಡೆಯಿತು. ಚೇತರಿಸಿಕೊಂಡು ನವಣೆ ತಿನ್ನುತ್ತಿತ್ತು ಕೂಡ.

ಈಗ ಆ ಸಿರಿಂಜ್ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಪ್ರತಿ ಸಲ ಬಿಸಿನೀರಿನಲ್ಲಿ ತೊಳೆದು ಅದನ್ನೇ ಬಳಸುತ್ತಿದ್ದೆ. ಹೊಸ ಸಿರಿಂಜ್ ಒಳಗೆ ಜಾರಲಿ ಅಂತ ಒಂದು ಲೇಪ ಇರುತ್ತೆ. ತೊಳೆದೂ ತೊಳೆದೂ ಅದು ಹೋಗುತ್ತೆ. ಸಿರಪ್ಪಿನ ಸಕ್ಕರೆ ಬೇರೆ ಒಣಗಿ ಅಂಟುತ್ತೆ. ಸಿರಿಂಜಿನ ಒತ್ತುವ ಕಡ್ಡಿ ತುದಿಯ ರಬ್ಬರ್ ಗೋಡೆ ಕಚ್ಚಿಕೊಂಡು ಬಿಡುತ್ತೆ. ಔಷಧಿ ಎಳೆಯುವಾಗಲೇ ಸ್ವಲ್ಪ ಬಿಗಿ ಅನಿಸಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ತಮ್ಮ ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದ. ಟೊಮೆಟೊ ಬಾಯಿ ಅಗಲಿಸಿ ಕಿರುಚುತ್ತಿತ್ತು. ನನಗೋ ಖುಷಿ, ಇವತ್ತು ಬಾಯಿ ತೆರೆದಿದೆ, ಬೇಗ ಮುಗಿಯುತ್ತೆ ಅಂತ. ತುದಿ ಒಳಗಿಟ್ಟು ಒತ್ತಿದೆ. ಕಡ್ಡಿ ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಊಹೂಂ. ಹೆಬ್ಬೆರಳಿಗೆ ಜೋರು ಕೊಟ್ಟೆ. ರಬ್ಬರ್ ಟಕ್ ಅಂತ ಬಿಟ್ಟುಕೊಂಡು, ಇದ್ದಷ್ಟೂ ಔಷಧಿ ಪಿಚಕಾರಿ ಥರ ಒಂದೇ ಏಟಿಗೆ ಹಾರಿತು. ಕಿರುಚಾಟ ಅರ್ಧಕ್ಕೆ ನಿಂತಿತು. ಮೂಗಿನ ತೂತಿನಲ್ಲಿ ಗುಲಾಬಿ ಬಣ್ಣದ ಒಂದು ಗುಳ್ಳೆ ಬಂತು.

ಹಕ್ಕಿ ಬಾಯೊಳಗೆ ಉಸಿರಿನ ತೂತು ಎಲ್ಲಿದೆ ಗೊತ್ತಾ? ನಾಲಿಗೆಯ ಬುಡದಲ್ಲೇ, ಹಿಂದಕ್ಕೆ. ನಮಗೆ ನುಂಗುವಾಗ ಶ್ವಾಸನಾಳದ ಮೇಲೆ ಒಂದು ಮುಚ್ಚಳ ಬೀಳುತ್ತೆ. ಅವಕ್ಕೆ ಆ ಮುಚ್ಚಳವೇ ಇಲ್ಲ. ನುಂಗುವಾಗ ತೂತು ತಾನೇ ಮುಚ್ಚಿಕೊಳ್ಳುತ್ತೆ, ಕಿರುಚುವಾಗ ತೆರೆದಿರುತ್ತೆ. ನಾನು ಒತ್ತಿದ್ದು ಆ ಹೊತ್ತಿಗೇ. ನಮ್ಮ ಹಾಗೆ ಜೋರಾಗಿ ಕೆಮ್ಮಿ ಹೊರಗೆ ಹಾಕುವ ಶಕ್ತಿಯೂ ಅವಕ್ಕಿಲ್ಲ. ಶ್ವಾಸಕೋಶದ ಹಿಂದೆ ಮೈತುಂಬಾ ಗಾಳಿಚೀಲಗಳಿವೆ, ದ್ರವ ಒಳಗೆ ಹೋದರೆ ಅಲ್ಲೇ ಕೂರುತ್ತೆ. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಡಾಕ್ಟರು ನೆಬ್ಯುಲೈಸರ್ ಇಟ್ಟರು, ಬೆಚ್ಚಗೆ ಇಟ್ಟರು, ಉಳಿಯಲಿಲ್ಲ. ಭೇದಿ ವಾಸಿಯಾಗಿತ್ತು.

ಹಾಗಾಗಿ ನೀವು ಇವತ್ತು ಮಾಡಬೇಕಾದ ಮೊದಲ ಕೆಲಸ ಹಕ್ಕಿ ಹಿಡಿಯುವುದಲ್ಲ. ಮೆಡಿಕಲ್ ಶಾಪಿಗೆ ಹೋಗಿ ಐದಾರು 1 ಎಂಎಲ್ ಸಿರಿಂಜ್ ತನ್ನಿ. ಎಂಎಲ್ ಗೆರೆ ಇರುವುದನ್ನೇ ಕೇಳಿ. ಇನ್ಸುಲಿನ್ ಸಿರಿಂಜಿನಲ್ಲಿ ಗೆರೆಗಳು ಯೂನಿಟ್ ಲೆಕ್ಕ, 40ರದ್ದೂ ಇದೆ, 100ರದ್ದೂ ಇದೆ, ಸುಮ್ನೆ ಗೊಂದಲ. ಔಷಧಿ ಎಳೆಯುವ ಮೊದಲು ನೀರು ಎಳೆದು ಸಿಂಕಿಗೆ ಒಂದೊಂದೇ ಹನಿ ಬಿಡಿ. ಹನಿ ಹನಿಯಾಗಿ ಬಂದರೆ ಸರಿ, ಜಿಗಿದರೆ ಆ ಸಿರಿಂಜ್ ಕಸದ ಬುಟ್ಟಿಗೆ. ಬಾಟಲಿ ಅಲ್ಲಾಡಿಸಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ, ಎಳೆದ ಮೇಲೆ ಸಿರಿಂಜನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ. ಕಿಟಕಿ ಹಾಕಿ. ಫ್ಯಾನ್ ಆಫ್ ಮಾಡೋದನ್ನು ಮರೆಯಲೇಬೇಡಿ.

ಹಿಡಿಯುವಾಗ ಟವೆಲ್ ಬೆನ್ನಿಗೆ ಮತ್ತು ರೆಕ್ಕೆಗೆ ಮಾತ್ರ. ಎದೆ ಒತ್ತಬೇಡಿ. ನಮ್ಮ ಎದೆಗೂ ಹೊಟ್ಟೆಗೂ ನಡುವೆ ಉಸಿರೆಳೆಯುವ ಪರದೆ ಇದೆಯಲ್ಲ, ವಪೆ, ಅದು ಹಕ್ಕಿಗೆ ಇಲ್ಲ, ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೇ ಉಸಿರು. ನಾವು ಪ್ರೀತಿಯಿಂದ ಬಿಗಿ ಹಿಡಿದರೂ ಅದಕ್ಕೆ ಕತ್ತು ಹಿಸುಕಿದ ಹಾಗೇ. ಹೆಬ್ಬೆರಳು, ತೋರುಬೆರಳು ದವಡೆಯ ಎರಡು ಬದಿಗೆ ಇರಲಿ. ತಲೆ ಮೇಲೆ, ಮೈ ನೆಟ್ಟಗೆ. ಮಗುವಿನ ಹಾಗೆ ಅಂಗಾತ ಮಲಗಿಸುವುದು ಬೇಡವೇ ಬೇಡ.

ಕೊಕ್ಕು ತೆರೆಯುವ ಅಗತ್ಯವೇ ಇಲ್ಲ. ಹಕ್ಕಿಯ ಎಡಗಡೆ, ಕೊಕ್ಕು ಸೇರುವ ಮೂಲೆಗೆ ತುದಿ ತಾಗಿಸಿ. ಹಕ್ಕಿಯ ಅನ್ನನಾಳ ಬಲಕ್ಕಿರುತ್ತೆ, ಹಾಗಾಗಿ ತುದಿ ಎಡದಿಂದ ಬಲಕ್ಕೆ ತಿರುಗಿರಲಿ. ಒಂದು ಹನಿ ಬಿಡಿ. ಅಲ್ಲೇ ಸಂದಿನಿಂದ ಒಳಗೆ ಇಳಿಯುತ್ತೆ, ನಾಲಿಗೆ ಆಡಿಸಿ ನುಂಗುತ್ತೆ. ನುಂಗಿದ್ದು ಕಣ್ಣಿಗೆ ಕಂಡ ಮೇಲೆ ಇನ್ನೊಂದು. 0.2 ಎಂಎಲ್ ಅಂದರೆ ನಾಲ್ಕೇ ಹನಿ, ಅವಸರ ಯಾತಕ್ಕೆ? ಕಿರುಚಿದರೆ ಕೈ ತೆಗೆಯಿರಿ. ಅರ್ಧ ಚೆಲ್ಲಿತು ಅಂತ ಅಂದಾಜಿಗೆ ಮತ್ತೆ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಗಲ್ಲದ ಪುಕ್ಕಕ್ಕೆ ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಕೊಟ್ಟ ಮೇಲೆ ಬಾಯಿ ತೆರೆದೇ ಉಸಿರಾಡಿದರೆ, ಬಾಲ ಪಂಪ್ ಹೊಡೆದರೆ, ಉಸಿರಿನ ಜೊತೆ ಚಿಟಿಕ್ ಚಿಟಿಕ್ ಶಬ್ದ ಬಂದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.

ಈಗ ನಮ್ಮ ಮನೆಯಲ್ಲಿ ಇನ್ನೊಂದು ಕಾಕಟೀಲ್ ಇದೆ. ಹುಷಾರಾಗಿರುವಾಗಲೇ ಆಗಾಗ ಸಿರಿಂಜಿನ ತುದಿಯಲ್ಲಿ ನೀರು ಬೆರೆಸಿದ ಸೇಬಿನ ರಸ ಒಂದೊಂದು ಹನಿ ಕೊಟ್ಟು ರೂಢಿ ಮಾಡಿದ್ದೇನೆ. ಸಿರಿಂಜ್ ಕಂಡರೆ ಕಂಬಿ ಹತ್ತಿ ಬರುತ್ತೆ. ನಿಮ್ಮದಕ್ಕೆ ಈ ಸಲ ಇದು ತಡವಾಯಿತು. ಈ ಕೋರ್ಸ್ ಮುಗಿದು ಅದರ ಸಿಟ್ಟು ಇಳಿದ ಮೇಲೆ ಶುರು ಮಾಡಿ.